ಹನ್ನೊಂದು ಗಂಟೆಯ ಹೊಟ್ಟೆನೋವು

ವಸತಿ ಶಾಲೆಯ ಸಿಕ್ ರೂಮಿಗೆ ಯಾವ ಮಗುವೂ "ಮನಸ್ಸು ಸರಿಯಿಲ್ಲ" ಅಂತ ಬರುವುದಿಲ್ಲ. ಹೊಟ್ಟೆನೋವು ಅಂತ ಬರುತ್ತದೆ, ತಲೆ ಸಿಡಿಯುತ್ತದೆ ಅಂತ ಬರುತ್ತದೆ, ಉಸಿರು ಕಟ್ಟುತ್ತದೆ, ಕಣ್ಣಿಗೆ ಕತ್ತಲೆ ಕವಿಯುತ್ತದೆ ಅಂತ ಬರುತ್ತದೆ. ಹುಡುಗರಾದರೆ ಅಷ್ಟೂ ಹೇಳುವುದಿಲ್ಲ. ಗೋಡೆಗೆ ಗುದ್ದಿ ಗೆಣ್ಣು ಒಡೆದುಕೊಂಡು ಬಂದು "ಬಿದ್ದೆ ಸಿಸ್ಟರ್" ಅನ್ನುತ್ತಾರೆ. ಬಿದ್ದರೆ ಗೆಣ್ಣು ಹಾಗೆ ಒಡೆಯುವುದಿಲ್ಲ ಅಂತ ಅವನಿಗೂ ಗೊತ್ತು, ನನಗೂ ಗೊತ್ತು.

ಇವುಗಳಲ್ಲಿ ನನಗೆ ತೀರಾ ಪರಿಚಿತವಾದದ್ದು ಹನ್ನೊಂದು ಗಂಟೆಯ ಹೊಟ್ಟೆನೋವು. ಬೆಳಗಿನ ಉಪ್ಪಿಟ್ಟು ಅರಗಿರುತ್ತದೆ, ಊಟದ ಗಂಟೆಗೆ ಇನ್ನೂ ಹೊತ್ತಿರುತ್ತದೆ. ಬಾಗಿಲಲ್ಲಿ ಒಬ್ಬಳು ಹೊಟ್ಟೆ ಹಿಡಿದುಕೊಂಡು ನಿಂತಿರುತ್ತಾಳೆ, ಜೊತೆಗೆ ಕರೆದುಕೊಂಡು ಬಂದ ಗೆಳತಿ. ಜ್ವರ ಇಲ್ಲ, ವಾಂತಿ ಇಲ್ಲ, ಭೇದಿ ಇಲ್ಲ, ಮುಟ್ಟಿನ ದಿನವೂ ಅಲ್ಲ. ಹೊಟ್ಟೆ ಒತ್ತಿ ನೋಡಿದರೆ ಮೆತ್ತಗಿರುತ್ತದೆ. ಎಲ್ಲಿ ನೋವು ತೋರಿಸು ಅಂದರೆ ಇಡೀ ಅಂಗೈಯನ್ನು ಹೊಕ್ಕುಳ ಸುತ್ತ ಆಡಿಸುತ್ತಾಳೆ. ಕರುಳಿನಲ್ಲಿ ನಿಜಕ್ಕೂ ಏನೋ ಕೆಟ್ಟಿರುವ ಮಗು ಸಾಮಾನ್ಯವಾಗಿ ಒಂದು ಬೆರಳಿಟ್ಟು ಜಾಗ ತೋರಿಸುತ್ತದೆ.

ಇಷ್ಟು ನೋಡಿ "ಏನೂ ಇಲ್ಲ, ಕ್ಲಾಸಿಗೆ ಹೋಗು" ಅನ್ನುವುದು ಬಹಳ ಸುಲಭ. ಅನೇಕರು ಹಾಗೇ ಅನ್ನುತ್ತಾರೆ. ಆದರೆ ಆ ನೋವು ಸುಳ್ಳಲ್ಲ. ಹೆದರಿಕೆಗೆ ಕರುಳು ಹಿಂಡುತ್ತದೆ. ಪರೀಕ್ಷೆಯ ದಿನ ಬೆಳಿಗ್ಗೆ ಎರಡು ಸಲ ಕಕ್ಕಸಿಗೆ ಓಡಿದವರಿಗೆಲ್ಲ ಇದು ಗೊತ್ತಿರಬೇಕು. ಹಾಗಾಗಿ ನನ್ನ ಮೊದಲ ಕೆಲಸ ಹೊಟ್ಟೆಯನ್ನು ನಂಬುವುದು. ಮಂಚದ ಮೇಲೆ ಮಲಗಿಸಿ, ಥರ್ಮಾಮೀಟರ್ ಇಟ್ಟು, ನಾಡಿ ಹಿಡಿದು, ಒಂದು ಲೋಟ ಬಿಸಿನೀರು ಕೊಟ್ಟು, ನನ್ನ ಪಾಡಿಗೆ ಹತ್ತಿ ಕತ್ತರಿಸುತ್ತಾ ಕೂರುತ್ತೇನೆ. ಮಾತು ಬಂದರೆ ಆ ಹೊತ್ತಿನಲ್ಲಿ ಬರುತ್ತದೆ. ಬರದಿದ್ದರೆ ನಾಳೆ ಮತ್ತೆ ಹೊಟ್ಟೆ ನೋಯುತ್ತದೆ, ತೊಂದರೆಯಿಲ್ಲ.

ನಾನಿರುವುದು ಉತ್ತರ ಕರ್ನಾಟಕದ ಒಂದು ಸರ್ಕಾರಿ ವಸತಿ ಶಾಲೆಯಲ್ಲಿ. ಆರನೆಯಿಂದ ಹತ್ತನೇ ತರಗತಿ, ತರಗತಿಗೆ 50ರಂತೆ 250 ಮಕ್ಕಳು. ಐದನೇ ತರಗತಿ ಮುಗಿಸಿ, ಪ್ರವೇಶ ಪರೀಕ್ಷೆ ಬರೆದು ಬಂದವರು. ಬಹುತೇಕರ ಅಪ್ಪ-ಅಮ್ಮ ಕೂಲಿ. ಸುಗ್ಗಿ ಮುಗಿದ ಮೇಲೆ ಬೆಂಗಳೂರೋ, ಪುಣೆಯೋ, ಎಲ್ಲಿ ಕಟ್ಟಡ ಏಳುತ್ತಿದೆಯೋ ಅಲ್ಲಿಗೆ ಗುಳೆ ಹೋಗುವವರು. ಇಲ್ಲಿ ಬರೆಯುವ ಮಕ್ಕಳ ಗುರುತು ಸಿಗಬಾರದು ಅಂತ ವಿವರಗಳನ್ನು ಅದಲು ಬದಲು ಮಾಡಿದ್ದೇನೆ. ಹಳೆಯ ವಿದ್ಯಾರ್ಥಿಗಳು ಓದಿದರೆ, ಇದು ಯಾರು ಅಂತ ಹುಡುಕಲು ಹೋಗಬೇಡಿ.

ನಮ್ಮ ರಾಜ್ಯದಲ್ಲಿ ಶಾಲೆಯೊಳಗೇ ಒಬ್ಬ ನರ್ಸ್ ಇರುವುದು ಹೆಚ್ಚಾಗಿ ಇಂಥ ವಸತಿ ಶಾಲೆಗಳಲ್ಲಿ ಮಾತ್ರ. ಊರಿನ ಸಾಮಾನ್ಯ ಸರ್ಕಾರಿ ಶಾಲೆಗೆ 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೊಮ್ಮೆ ಜೀಪಿನಲ್ಲಿ ಬಂದು ಕಣ್ಣು, ಹಲ್ಲು, ಹೃದಯ, ರಕ್ತಹೀನತೆ ನೋಡಿ ಹೋಗುತ್ತದೆ. ಒಳ್ಳೆಯ ಕೆಲಸ, ಹೃದಯದಲ್ಲಿ ರಂಧ್ರ ಇರುವ ಎಷ್ಟೋ ಮಕ್ಕಳು ಅದರಿಂದಲೇ ಆಪರೇಷನ್ ಟೇಬಲ್ ತಲುಪಿದ್ದಾರೆ. ಆದರೆ ಹನ್ನೊಂದು ಗಂಟೆಯ ಹೊಟ್ಟೆನೋವು ವರ್ಷಕ್ಕೊಂದು ದಿನ ಬರುವ ಜೀಪಿಗೆ ಸಿಗುವುದಿಲ್ಲ. ಅದಕ್ಕೆ ಅಲ್ಲೇ ಇರುವವರು ಬೇಕು.

ಶಾಲಾ ನರ್ಸ್ ಅನ್ನುವ ಹುದ್ದೆ ಹೇಗೆ ಹುಟ್ಟಿತು ಅಂತ ಓದಿದಾಗ ನನಗೆ ನನ್ನ ಕೆಲಸ ಏನು ಅನ್ನುವುದು ಸ್ಪಷ್ಟವಾಯಿತು. 1902ರ ನ್ಯೂಯಾರ್ಕ್. ಕಣ್ಣುಬೇನೆ, ಹುಳುಕಡ್ಡಿ, ಕಜ್ಜಿ, ಹೇನು ಇರುವ ಮಕ್ಕಳನ್ನು ವೈದ್ಯರು ತಪಾಸಣೆ ಮಾಡಿ ಮನೆಗೆ ಕಳಿಸುತ್ತಿದ್ದರು. ಕಳಿಸಿದ ಮಕ್ಕಳಿಗೆ ಮನೆಯಲ್ಲಿ ಔಷಧ ಹಚ್ಚುವವರಿಲ್ಲ. ಅವು ಬೀದಿಯಲ್ಲಿ ಆಡುತ್ತಾ ವಾರಗಟ್ಟಲೆ ಉಳಿಯುತ್ತಿದ್ದವು. ಲಿಲಿಯನ್ ವಾಲ್ಡ್ ಅನ್ನುವ ನರ್ಸ್, ತಮ್ಮ ಜೊತೆಯ ಲಿನಾ ರೋಜರ್ಸ್ ಅವರನ್ನು ಒಂದು ತಿಂಗಳ ಪ್ರಯೋಗವೆಂದು ಶಾಲೆಗೆ ಕೊಟ್ಟರು. ನಾಲ್ಕು ಶಾಲೆ, ಸುಮಾರು 10 ಸಾವಿರ ಮಕ್ಕಳು, ಒಬ್ಬಳೇ ನರ್ಸ್. ಅವರು ಮಾಡಿದ್ದು ದೊಡ್ಡದೇನಲ್ಲ: ಶಾಲೆಯಲ್ಲೇ ಮುಲಾಮು ಹಚ್ಚಿದರು, ಸಂಜೆ ಮನೆಗೆ ಹೋಗಿ ತಾಯಂದಿರಿಗೆ ಹೇಗೆ ಹಚ್ಚಬೇಕು ತೋರಿಸಿದರು. ಆ ವರ್ಷ ಸೆಪ್ಟೆಂಬರ್‌ನಲ್ಲಿ 10 ಸಾವಿರ ದಾಟಿದ್ದ ಮನೆಗೆ ಕಳಿಸುವ ಪ್ರಕರಣಗಳು ಮರುವರ್ಷದ ಸೆಪ್ಟೆಂಬರ್‌ಗೆ 1,100ರ ಆಸುಪಾಸಿಗೆ ಇಳಿದವು. ಅಂದರೆ ಈ ಹುದ್ದೆ ಹುಟ್ಟಿದ್ದೇ ಮಗುವನ್ನು ಮನೆಗೆ ಕಳಿಸುವುದನ್ನು ತಪ್ಪಿಸಲು.

ಈಗ ಕಜ್ಜಿಗೆ ಯಾರೂ ಮನೆಗೆ ಕಳಿಸುವುದಿಲ್ಲ, ಪರ್ಮೆಥ್ರಿನ್ ಹಚ್ಚಿ ಬಿಸಿನೀರಲ್ಲಿ ಬಟ್ಟೆ ಕುದಿಸಿದರೆ ಮುಗಿಯಿತು. ಈಗ ಮನೆಗೆ ಕಳಿಸುವುದು ಬೇರೆ ಮಕ್ಕಳನ್ನು. ಹೊಡೆದಾಡುವವನನ್ನು, ರಾತ್ರಿ ಗೋಡೆ ಹಾರುವವನನ್ನು, ಮೈಮೇಲೆ ಬಂದು ಬೀಳುವವಳನ್ನು, ಕೈ ಮೇಲೆ ಗೀರಿಕೊಂಡವಳನ್ನು. "ಟಿಸಿ ಕೊಟ್ಟು ಕಳಿಸಿಬಿಡೋಣ, ಏನಾದರೂ ಹೆಚ್ಚುಕಮ್ಮಿ ಆದರೆ ನಮ್ಮ ತಲೆಗೆ ಬರುತ್ತದೆ." ಈ ಮಾತು ಸ್ಟಾಫ್ ಮೀಟಿಂಗಿನಲ್ಲಿ ಕೇಳದ ವರ್ಷವಿಲ್ಲ. ಎಂಟನೇ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ ಅಂತ ಶಿಕ್ಷಣ ಹಕ್ಕಿನ ಆರ್‌ಟಿಇ ಕಾಯ್ದೆಯ 16ನೇ ಕಲಂ ಹೇಳುತ್ತದೆ. ಆದ್ದರಿಂದ ಯಾರೂ ಹೊರಹಾಕುವುದಿಲ್ಲ; ತಂದೆಯನ್ನು ಕರೆಸಿ, ಸ್ವಂತ ಇಚ್ಛೆಯಿಂದ ಒಯ್ಯುತ್ತಿದ್ದೇನೆ ಅಂತ ಅರ್ಜಿ ಬರೆಸಿಕೊಳ್ಳುತ್ತಾರೆ. ಹೆಬ್ಬೆಟ್ಟು ಒತ್ತುವ ತಂದೆಗೆ ಅದರಲ್ಲಿ ಏನಿದೆ ಅಂತ ಓದಿ ಹೇಳುವವರೂ ಇರುವುದಿಲ್ಲ.

ಏಳನೇ ತರಗತಿಯ ಒಬ್ಬ ಹುಡುಗನ ಅರ್ಜಿ ಹೀಗೇ ತಯಾರಾಗಿತ್ತು. ಆ ವರ್ಷ ಅವನು ಮೂರು ಜನರ ಮೂಗಲ್ಲಿ ರಕ್ತ ತರಿಸಿದ್ದ, ಡಾರ್ಮಿಟರಿಯ ಕಿಟಕಿ ಗಾಜು ಒಡೆದಿದ್ದ, ನಿಲಯಪಾಲಕರಿಗೆ ಎದುರು ಮಾತಾಡಿದ್ದ. ನನಗೆ ಅವನ ಬಗ್ಗೆ ಗೊತ್ತಿದ್ದದ್ದು ನನ್ನ ರಿಜಿಸ್ಟರಿನಿಂದ.

ರಿಜಿಸ್ಟರ್ ಬಗ್ಗೆ ಸ್ವಲ್ಪ ಹೇಳಬೇಕು. ಉದ್ದನೆಯ ರಟ್ಟಿನ ಪುಸ್ತಕ. ದಿನಾಂಕ, ಹೆಸರು, ತರಗತಿ, ತೊಂದರೆ, ಕೊಟ್ಟ ಔಷಧ, ಸಹಿ ಅಂತ ಆರು ಕಾಲಂ. ಬೇರೆಯವರಿಗೆ ಅದು ಪ್ಯಾರಾಸಿಟಮಾಲ್ ಲೆಕ್ಕ. ನಾನು ಅಂಚಿನಲ್ಲಿ ಪೆನ್ಸಿಲಿನಿಂದ ಎರಡು ವಿಷಯ ಸೇರಿಸುತ್ತೇನೆ: ಬಂದ ಸಮಯ ಮತ್ತು ಆಗ ನಡೆಯುತ್ತಿದ್ದ ಪೀರಿಯಡ್. ತಿಂಗಳ ಕೊನೆಗೆ ಹಿಂದಿನ ಹಾಳೆ ತಿರುವಿ ನೋಡಿದರೆ ಪುಸ್ತಕ ಮಾತಾಡಲು ಶುರು ಮಾಡುತ್ತದೆ. ಒಬ್ಬಳಿಗೆ ಗಣಿತದ ಪೀರಿಯಡ್‌ಗೆ ಮಾತ್ರ ತಲೆನೋವು. ಕಣ್ಣು ಪರೀಕ್ಷೆ ಮಾಡಿಸಿದರೆ ಬೋರ್ಡು ಕಾಣುತ್ತಿರಲಿಲ್ಲ, ಕನ್ನಡಕ ಬಂದ ಮೇಲೆ ತಲೆನೋವು ಹೋಯಿತು. ಎಲ್ಲವೂ ಮನಸ್ಸಿನದ್ದೇ ಅಂತ ತೀರ್ಮಾನಿಸುವವರಿಗೆ ಈ ಉದಾಹರಣೆ ಕೊಡುತ್ತೇನೆ. ಕೆಲವರು ಭಾನುವಾರ ಸಂಜೆ ಬರುತ್ತಾರೆ, ಅಂದು ಪೋಷಕರ ಭೇಟಿ. ಅವರ ಮನೆಯವರು ಬಂದಿರುವುದಿಲ್ಲ. ಕೆಲವರು ದಸರಾ ರಜೆ ಮುಗಿದು ಬಂದ ವಾರ ಪೂರ್ತಿ ನನ್ನಲ್ಲೇ ಇರುತ್ತಾರೆ. ಇನ್ನು ಕೆಲವರದ್ದು ತಿರುಗಾಮುರುಗಾ: ರಜೆ ಹತ್ತಿರ ಬಂದಷ್ಟೂ ನೋವು ಜಾಸ್ತಿ. ಆ ಕೊನೆಯವರನ್ನು ನಾನು ಬಹಳ ಗಮನವಿಟ್ಟು ನೋಡುತ್ತೇನೆ. ಮನೆಗೆ ಹೋಗಲು ಹೆದರುವ ಮಗುವಿಗೆ ಏನೋ ಕಾರಣ ಇದ್ದೇ ಇರುತ್ತದೆ.

ಏಳನೇ ತರಗತಿ ಹುಡುಗ ಯಾವಾಗಲೂ ಬೆಳಗಿನ ಪ್ರಾರ್ಥನೆಗೆ ಮುಂಚೆ ಬರುತ್ತಿದ್ದ. ಕೈ ತರಚಿದೆ, ತುಟಿ ಒಡೆದಿದೆ, ಹೀಗೆ. ಜಗಳವೆಲ್ಲ ಬೆಳಿಗ್ಗೆ ಆರರಿಂದ ಎಂಟರೊಳಗೆ ಯಾಕೆ ಆಗಬೇಕು? ಮಧ್ಯಾಹ್ನ ಕಬಡ್ಡಿ ಆಡುವಾಗ ಈ ಹುಡುಗ ಯಾರ ಮೇಲೂ ಕೈ ಎತ್ತಿದ್ದಿಲ್ಲ. ಒಂದು ದಿನ ಬೆಟಾಡಿನ್ ಹಚ್ಚುವಾಗ ಅವನ ಬನಿಯನ್ ಒದ್ದೆ ಅನ್ನಿಸಿತು. ಸ್ನಾನ ಆಯ್ತಾ ಅಂದೆ. ಆಯ್ತ್ರಿ ಅಂದ. ತಲೆ ಒಣಗಿತ್ತು.

ಹಾಸಿಗೆಯಲ್ಲಿ ಮೂತ್ರ ಹೋಗುತ್ತಿತ್ತು. ಹತ್ತರ ವಯಸ್ಸಿನಲ್ಲೂ ನೂರಕ್ಕೆ ಸುಮಾರು ಐದು ಮಕ್ಕಳಿಗೆ ಇದು ಇರುತ್ತದೆ, ಅಂಥ ಅಪರೂಪವೇನಲ್ಲ. ಆದರೆ ಒಂದೇ ಹಾಲಿನಲ್ಲಿ ಐವತ್ತು ಹುಡುಗರು ಮಲಗುವ ಕಡೆ ಅದು ಬಯಲಾದರೆ ಆ ಮಗುವಿಗೆ ಹೆಸರೇ ಬದಲಾಗುತ್ತದೆ. ಅವನಿಗೂ ಒಂದು ಹೆಸರಿಟ್ಟಿದ್ದರು. ಆ ಹೆಸರು ಕೂಗಿದವರ ಮೂಗಲ್ಲೇ ರಕ್ತ ಬಂದದ್ದು. ಕಿಟಕಿ ಒಡೆದದ್ದು ಅವನ ಚಾಪೆಯನ್ನು ಅಂಗಳದಲ್ಲಿ ನೇತು ಹಾಕಿದ ದಿನ.

ಮಾಡಬೇಕಾದದ್ದು ಬಹಳ ಸಣ್ಣದು. ತಾಲ್ಲೂಕು ಆಸ್ಪತ್ರೆಯಲ್ಲಿ ಮೂತ್ರ ಮತ್ತು ಸಕ್ಕರೆ ಪರೀಕ್ಷೆ ಮಾಡಿಸಿದೆವು, ಸೋಂಕು ಇರಲಿಲ್ಲ. ಸಂಜೆ ಏಳರ ಮೇಲೆ ನೀರು ಕಡಿಮೆ, ಮಲಗುವ ಮುಂಚೆ ಒಮ್ಮೆ, ರಾತ್ರಿ ಕಾವಲುಗಾರ ಕಾಕಾ ಸುತ್ತು ಹೊಡೆಯುವಾಗ ಒಮ್ಮೆ ಎಬ್ಬಿಸುವುದು. ಹಾಸಿಗೆ ಮೇಲೆ ರೆಕ್ಸಿನ್ ಹಾಳೆ, ಅದರ ಮೇಲೆ ಬೆಡ್‌ಶೀಟ್. ಒದ್ದೆಯಾದ ಬೆಡ್‌ಶೀಟನ್ನು ಬೆಳಿಗ್ಗೆ ಐದಕ್ಕೆ ಸಿಕ್ ರೂಮಿನ ಹಿಂದಿನ ಬಕೆಟ್ಟಿಗೆ ಹಾಕಿ ಹೋಗಬಹುದು, ಯಾರೂ ಕೇಳುವುದಿಲ್ಲ. ಕಾಕಾ ಎಬ್ಬಿಸುವ ನೆಪಕ್ಕೆ ಇನ್ನೂ ನಾಲ್ಕು ಹುಡುಗರನ್ನು ಸೇರಿಸಿಕೊಂಡರು. ಅದು ಅವರದೇ ಉಪಾಯ, ನನಗೆ ಹೊಳೆದಿರಲಿಲ್ಲ. ಮೂತ್ರ ಪೂರ್ತಿ ನಿಲ್ಲಲು ಬಹಳ ತಿಂಗಳು ಹಿಡಿಯಿತು. ಹೊಡೆದಾಟ ಮಾತ್ರ ಅದಕ್ಕಿಂತ ಎಷ್ಟೋ ಮೊದಲೇ ಕಡಿಮೆಯಾಯಿತು. ಅವನೇನು ಸಂತನಾಗಲಿಲ್ಲ, ಹತ್ತನೇ ತರಗತಿಯಲ್ಲಿ ಮೊಬೈಲ್ ಬಚ್ಚಿಟ್ಟು ಸಿಕ್ಕಿಬಿದ್ದ. ಆದರೆ ಆ ಅರ್ಜಿಗೆ ಅವನ ಅಪ್ಪ ಹೆಬ್ಬೆಟ್ಟು ಒತ್ತಲಿಲ್ಲ.

ಎಲ್ಲ ಪುಂಡಾಟದ ಕೆಳಗೂ ಒದ್ದೆ ಹಾಸಿಗೆ ಇರುವುದಿಲ್ಲ. ಕೆಲವು ಮಕ್ಕಳ ಕಾಯಿಲೆ ನಿಜಕ್ಕೂ ದೊಡ್ಡದು. ನಿಮ್ಹಾನ್ಸ್ ಮುಂದೆ ನಿಂತು ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17ರ ವಯಸ್ಸಿನ ಮಕ್ಕಳಲ್ಲಿ ಶೇ 7.3ರಷ್ಟು ಮಂದಿಗೆ ಚಿಕಿತ್ಸೆ ಬೇಕಾಗುವಂಥ ಮಾನಸಿಕ ತೊಂದರೆ ಕಂಡಿತ್ತು. ನಮ್ಮ ಶಾಲೆಯ ಎಂಟು, ಒಂಬತ್ತು, ಹತ್ತನೇ ತರಗತಿಗಳ 150 ಮಕ್ಕಳಿಗೆ ಅದನ್ನು ಅನ್ವಯಿಸಿದರೆ ಹತ್ತು-ಹನ್ನೊಂದು ಮಕ್ಕಳು. ನನ್ನ ರಿಜಿಸ್ಟರಿನ ಪೆನ್ಸಿಲ್ ಗುರುತುಗಳಿಗೂ ಈ ಸಂಖ್ಯೆಗೂ ಅಂಥ ವ್ಯತ್ಯಾಸವಿಲ್ಲ.

ಹೆಣ್ಣುಮಕ್ಕಳ ಡಾರ್ಮಿಟರಿಯಲ್ಲಿ ಅತಿ ಹೆಚ್ಚು ಗದ್ದಲ ಎಬ್ಬಿಸುವುದು ಫಿಟ್ಸ್. ಊಟ ಮುಗಿದು, ಓದುವ ಹೊತ್ತು ಮುಗಿದು, ದೀಪ ಆರಿಸುವ ಮುಂಚೆ ಯಾರೋ ಓಡಿ ಬರುತ್ತಾರೆ: "ಸಿಸ್ಟರ್, ಜಲ್ದಿ ಬರ್ರಿ, ಅಕಿಗೆ ಫಿಟ್ಸ್ ಬಂದಾವು!" ಹೋದರೆ ನಲವತ್ತು ಜನ ಸುತ್ತ ನಿಂತಿರುತ್ತಾರೆ. ಒಬ್ಬಳು ಕೈಗೆ ಬೀಗದ ಕೈ ಹಿಡಿಸುತ್ತಿರುತ್ತಾಳೆ, ಒಬ್ಬಳು ಉಳ್ಳಾಗಡ್ಡಿ ಜಜ್ಜಿ ಮೂಗಿಗೆ ಹಿಡಿದಿರುತ್ತಾಳೆ, ಅಡುಗೆಯ ಆಂಟಿ ವಿಭೂತಿ ತರಲು ಓಡಿರುತ್ತಾರೆ. ನಡುವೆ ಒಬ್ಬಳು ನೆಲದ ಮೇಲೆ ಕೈಕಾಲು ಬಿಗಿದು ಒದ್ದಾಡುತ್ತಿರುತ್ತಾಳೆ.

ಅಪಸ್ಮಾರದ ಫಿಟ್ಸೋ, ಮನಸ್ಸಿನ ಒತ್ತಡದಿಂದ ಬರುವ ಫಿಟ್ಸೋ ಅಂತ ಅಲ್ಲಿ ನಿಂತು ನೋಡಬೇಕು. ಅಪಸ್ಮಾರದಲ್ಲಿ ಸಾಮಾನ್ಯವಾಗಿ ಕಣ್ಣು ತೆರೆದೇ ಇರುತ್ತವೆ, ನಾಲಿಗೆ ಕಚ್ಚಿಕೊಳ್ಳಬಹುದು, ಬಟ್ಟೆಯಲ್ಲೇ ಮೂತ್ರ ಹೋಗಬಹುದು, ಒಂದೆರಡು ನಿಮಿಷಕ್ಕೆ ನಿಂತು ಆಮೇಲೆ ಗಾಢ ಮಂಪರು. ಇನ್ನೊಂದರಲ್ಲಿ ಕಣ್ಣು ಬಿಗಿಯಾಗಿ ಮುಚ್ಚಿರುತ್ತವೆ, ರೆಪ್ಪೆ ಎತ್ತಲು ಹೋದರೆ ಎತ್ತಗೊಡುವುದಿಲ್ಲ, ಒಮ್ಮೆ ಜೋರಾಗಿ ಒಮ್ಮೆ ಮೆಲ್ಲಗೆ ಬಹಳ ಹೊತ್ತು ನಡೆಯುತ್ತದೆ. ಯಾವುದೇ ಆಗಲಿ, ಮೊದಲ ಸಲ ಬಂದರೆ ಡಾಕ್ಟರಿಗೆ ತೋರಿಸಲೇಬೇಕು, ಐದು ನಿಮಿಷ ಮೀರಿದರೆ 108 ಕರೆಯಬೇಕು. ನನ್ನ ಅಂದಾಜಿನ ಮೇಲೆ ಯಾರ ಜೀವವನ್ನೂ ಇಡುವುದಿಲ್ಲ. ಎರಡನೆಯ ಬಗೆಯದ್ದು ಅಂತ ಖಚಿತವಾದ ಮೇಲೆ ಶಿಕ್ಷಕರ ಕೋಣೆಯಲ್ಲಿ ಬರುವ ಮಾತು ಒಂದೇ: "ನಾಟಕ." ನನಗೆ ಇದರಷ್ಟು ಸಿಟ್ಟು ತರಿಸುವ ಮಾತಿಲ್ಲ. ಆ ಮಗು ಬೇಕಂತ ಬೀಳುತ್ತಿಲ್ಲ. ಹೇಳಲು ಆಗದ್ದು ಮೈಯಿಂದ ಬರುತ್ತಿದೆ.

ಹಾಗಾಗಿ ನಾನು ಮಾಡುವುದು ಗುಂಪು ಕರಗಿಸುವುದು. "ನೀನು ನೀರು ತಾ, ನೀನು ಕಿಟಕಿ ತೆಗಿ, ನೀವು ಹತ್ತು ಜನ ಹೋಗಿ ಕೆಳಗಿನ ಹಾಸಿಗೆ ಸರಿ ಮಾಡ್ರಿ." ಕೆಲಸ ಕೊಟ್ಟರೆ ಹೆದರಿಕೆ ಇಳಿಯುತ್ತದೆ, ಮುಖ್ಯವಾಗಿ ಎರಡನೆಯವಳು ಬೀಳುವುದಿಲ್ಲ. ಹಾಸ್ಟೆಲಿನಲ್ಲಿ ಇದು ಒಬ್ಬರಿಂದ ಒಬ್ಬರಿಗೆ ಹರಡುತ್ತದೆ. ಒಂದು ಅಮಾವಾಸ್ಯೆಯ ರಾತ್ರಿ ಐದು ಜನ ಬಿದ್ದದ್ದೂ ಇದೆ. ಬಿದ್ದವಳನ್ನು ಮಗ್ಗುಲಾಗಿ ಮಲಗಿಸಿ, ಗಡಿಯಾರ ನೋಡುತ್ತಾ, ಮೆಲ್ಲನೆ ಮಾತಾಡುತ್ತಾ ಕೂರುತ್ತೇನೆ. ಎದ್ದ ಮೇಲೆ ಏನಾಯ್ತು ಅಂತ ಕೇಳುವುದಿಲ್ಲ. ಹಸಿವಾಗಿದೆಯಾ ಅಂತ ಕೇಳುತ್ತೇನೆ.

ಹತ್ತನೇ ತರಗತಿಯ ಒಬ್ಬಳಿಗೆ ಫಿಟ್ಸ್ ಶುರುವಾದದ್ದು ಜನವರಿಯಲ್ಲಿ. ಎಲ್ಲರೂ ಎಸ್ಸೆಸ್ಸೆಲ್ಸಿ ಭಯ ಅಂದರು. ಆದರೆ ಪೂರ್ವಸಿದ್ಧತಾ ಪರೀಕ್ಷೆಯ ವಾರ ಅವಳು ಗಟ್ಟಿಯಾಗಿದ್ದಳು. ಬಿದ್ದದ್ದೆಲ್ಲ ಮನೆಯಿಂದ ಫೋನ್ ಬಂದ ರಾತ್ರಿಗಳಲ್ಲಿ. ಮನೆಯವರು ಬಂದು ಹುಲಿಗಿಯ ಹುಲಿಗೆಮ್ಮನ ಗುಡಿಗೆ ಕರೆದುಕೊಂಡು ಹೋದರು, ತಾಯತ ಕಟ್ಟಿಸಿದರು. ನಾನು ಅಡ್ಡಿ ಮಾಡಲಿಲ್ಲ. ಹುಲಿಗೆಮ್ಮನನ್ನು ಎದುರು ಹಾಕಿಕೊಂಡು ಡಾಕ್ಟರಿಗೆ ಜಾಗ ಮಾಡಿಕೊಡಲು ಸಾಧ್ಯವಿಲ್ಲ, ಹಾಗೆ ಮಾಡಿದರೆ ಮಗು ಎರಡೂ ಕಡೆ ತಪ್ಪುತ್ತದೆ. "ಅಮ್ಮನ ಹಂತ್ಯಾಕೂ ಹೋಗಿ ಬರ್ರಿ, ಡಾಕ್ಟರ್ ಹಂತ್ಯಾಕೂ ತೋರಿಸ್ರಿ" ಅಂದರೆ ಯಾರೂ ಬೇಡ ಅನ್ನುವುದಿಲ್ಲ. ತೊಡಕು ಒಂದೇ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವುದು ಮಂಗಳವಾರ. ಅಮ್ಮನ ವಾರವೂ ಮಂಗಳವಾರವೇ. ಯಾರು ಈ ದಿನ ಆರಿಸಿದರೋ!

ಆ ಹುಡುಗಿ ಕೊನೆಗೆ ಬಾಯಿಬಿಟ್ಟದ್ದು ಡಾಕ್ಟರ ಮುಂದಲ್ಲ, ಮುಟ್ಟಿನ ಶುಚಿ ಪ್ಯಾಡ್ ಹಂಚುವಾಗ. ಪರೀಕ್ಷೆ ಮುಗಿದ ವಾರ ಮದುವೆ ನಿಶ್ಚಯವಾಗಿತ್ತು, ಸೋದರಮಾವನ ಜೊತೆ. ವಯಸ್ಸು ಹದಿನಾರು. ಇಂಥದ್ದಕ್ಕೆ ಆಪ್ತಸಮಾಲೋಚನೆ ಔಷಧವಲ್ಲ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದೆವು, ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ) ಮನೆಗೆ ಹೋಗಿ ಮುಚ್ಚಳಿಕೆ ಬರೆಸಿಕೊಂಡರು. ಮನೆಯವರು ನನ್ನ ಮೇಲೆ ಇವತ್ತಿಗೂ ಮುನಿದಿದ್ದಾರೆ. ಫಿಟ್ಸ್ ನಿಂತವು. ಮದುವೆ ಆ ವರ್ಷ ನಿಂತಿತು.

ಗುಟ್ಟಿನ ಪ್ರಶ್ನೆ ಇಲ್ಲಿ ಬರುತ್ತದೆ. "ಯಾರಿಗೂ ಹೇಳಬ್ಯಾಡ್ರಿ ಸಿಸ್ಟರ್" ಅನ್ನದೆ ಯಾವ ಮಗುವೂ ಶುರು ಮಾಡುವುದಿಲ್ಲ. ಆಯ್ತು ಅಂತ ಮಾತು ಕೊಡುವಂತಿಲ್ಲ. ಯಾರಾದರೂ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದ್ದು ಗೊತ್ತಾದರೆ ಪೊಲೀಸರಿಗೆ ತಿಳಿಸಲೇಬೇಕು ಅಂತ 2012ರ ಪೋಕ್ಸೊ ಕಾಯ್ದೆಯ 19ನೇ ಕಲಂ. ಮುಚ್ಚಿಟ್ಟರೆ ಆರು ತಿಂಗಳವರೆಗೆ ಜೈಲು, ಸಂಸ್ಥೆಯ ಮುಖ್ಯಸ್ಥರಾದರೆ ಒಂದು ವರ್ಷದವರೆಗೆ. ಅದಕ್ಕೇ ನಾನು ಮೊದಲೇ ಹೇಳಿಬಿಡುತ್ತೇನೆ: "ನಿನ್ನ ಜೀವಕ್ಕ ಅಪಾಯ ಇದ್ರ, ಇಲ್ಲಾ ಯಾರರ ನಿನಗ ಕೆಟ್ಟದ್ದು ಮಾಡಿದ್ರ, ಅದನ್ನ ನಾ ಮೇಲಿನವ್ರಿಗೆ ಹೇಳಬೇಕಾಗ್ತೈತಿ. ಹೇಳೂ ಮುಂಚೆ ನಿನಗ ತಿಳಿಸಿ ಹೇಳ್ತೀನಿ. ಉಳಿದದ್ದೆಲ್ಲ ಇಲ್ಲೇ." ಇದನ್ನು ಕೇಳಿ ಎದ್ದು ಹೋದವರೂ ಇದ್ದಾರೆ. ಹೆಚ್ಚಿನವರು ಸ್ವಲ್ಪ ಹೊತ್ತು ಸುಮ್ಮನಿದ್ದು ಮಾತಾಡುತ್ತಾರೆ. ಮೊದಲು ಮಾತು ಕೊಟ್ಟು ಆಮೇಲೆ ಮುರಿದರೆ ಆ ಮಗು ಜೀವಮಾನದಲ್ಲಿ ಇನ್ನೊಬ್ಬ ದೊಡ್ಡವರನ್ನು ನಂಬುವುದಿಲ್ಲ.

ಏಪ್ರಿಲ್ ಬಿಸಿಲಲ್ಲಿ ತುಂಬುತೋಳಿನ ಸ್ವೆಟರ್ ಹಾಕಿದ ಮಗು ಕಂಡರೆ ಯಾವ ನರ್ಸಿಗೂ ಅನುಮಾನ ಬರಬೇಕು. ಗೀರಿಕೊಂಡ ಗಾಯಕ್ಕೆ ಮೊದಲು ಮಾಡಬೇಕಾದದ್ದು ಬೇರೆ ಗಾಯಕ್ಕೆ ಮಾಡುವುದನ್ನೇ: ತೊಳೆ, ಒರೆಸು, ಗಾಜ್ ಇಟ್ಟು ಕಟ್ಟು. ಬೈಗುಳ ಇಲ್ಲ, ಕಣ್ಣೀರು ಇಲ್ಲ, "ಅಪ್ಪ-ಅಮ್ಮನ ನೆನಪಾಗಲಿಲ್ಲವಾ" ಅನ್ನುವ ಭಾಷಣ ಇಲ್ಲ. ಕಟ್ಟಿದ ಮೇಲೆ ನೇರವಾಗಿ ಕೇಳುತ್ತೇನೆ: "ಸಾಯಬೇಕು ಅನ್ನಿಸ್ತೈತೇನವಾ?" ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತು ಅಂತ ಬಹಳ ಜನ ಹೆದರುತ್ತಾರೆ. ಹಾಗಾಗುವುದಿಲ್ಲ, ಅಧ್ಯಯನಗಳೂ ಅದನ್ನೇ ಹೇಳುತ್ತವೆ. ಕೇಳಿದಾಗ ಮಗುವಿನ ಭುಜ ಇಳಿಯುವುದು ಕಣ್ಣಿಗೇ ಕಾಣುತ್ತದೆ. ಅಷ್ಟು ದಿನ ಒಬ್ಬಳೇ ಹೊತ್ತದ್ದನ್ನು ಇನ್ನೊಬ್ಬರು ಹೆಸರು ಹಿಡಿದು ಕೇಳಿದರಲ್ಲ. ಕೆಲವರು ಇಲ್ಲ ಅನ್ನುತ್ತಾರೆ, ಒಳಗಿನ ಸಂಕಟ ತಡೆಯಲಾರದೆ ಗೀರಿದ್ದು ಅನ್ನುತ್ತಾರೆ. ಕೆಲವರು ಹೌದು ಅನ್ನುತ್ತಾರೆ. ಹೌದು ಅಂದ ಮಗು ಆ ರಾತ್ರಿ ಸಿಕ್ ರೂಮಿನಲ್ಲೇ ಮಲಗುತ್ತದೆ, ಪಕ್ಕದ ಮಂಚದಲ್ಲಿ ನಾನು. ಬೆಳಿಗ್ಗೆ ಮೊದಲ ಬಸ್ಸಿಗೆ ಆಸ್ಪತ್ರೆ, ಮಂಗಳವಾರಕ್ಕೆ ಕಾಯುವುದಿಲ್ಲ. ಪೊಲೀಸ್ ಕೇಸಾಗುತ್ತದೆ ಅನ್ನುವ ಹೆದರಿಕೆಯಿಂದ ಶಾಲೆಗಳು ಇಂಥದ್ದನ್ನು ಮುಚ್ಚಿಡುವುದು ಹಳೆಯ ಚಾಳಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಂ ಪ್ರಕಾರ ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಭಾವಿಸಬೇಕು, ಶಿಕ್ಷೆಯಲ್ಲ, ಆರೈಕೆ ಕೊಡಬೇಕು. ಆತ್ಮಹತ್ಯೆಯ ಯತ್ನವನ್ನೇ ಅಪರಾಧ ಅನ್ನುತ್ತಿದ್ದ ಹಳೆಯ ದಂಡಸಂಹಿತೆಯ 309ನೇ ಕಲಂಗೆ 2024ರಲ್ಲಿ ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ ಜಾಗವೇ ಇಲ್ಲ. ಇದರ ಪ್ರತಿಯನ್ನು ಔಷಧದ ಬೀರುವಿನ ಒಳಬಾಗಿಲಿಗೆ ಅಂಟಿಸಿದ್ದೇನೆ. ಹೆದರಿಕೊಂಡು ಬಂದವರಿಗೆ ತೆಗೆದು ತೋರಿಸುತ್ತೇನೆ.

ದೊಡ್ಡ ಆಸ್ಪತ್ರೆ ಅಂದರೆ ನಮಗೆ ಧಾರವಾಡದ ಮಾನಸಿಕ ಆಸ್ಪತ್ರೆ, ಡಿಮ್ಹಾನ್ಸ್. ಜಿಎನ್‌ಎಂ ನರ್ಸಿಂಗ್ ಓದುವಾಗ ನಾನು ಅಲ್ಲಿ ಪೋಸ್ಟಿಂಗ್ ಮಾಡಿದ್ದೆ, ಅಲ್ಲಿಯ ವಾರ್ಡಿನಲ್ಲಿ ಕಲಿತದ್ದು ಇವತ್ತಿಗೂ ಅನ್ನ ಹಾಕುತ್ತಿದೆ. ಆದರೆ ನಮ್ಮ ಕಡೆ "ನಿನ್ನ ಧಾರವಾಡಕ್ಕ ಕಳಸಬೇಕು ನೋಡು" ಅನ್ನುವುದು ತಮಾಷೆಯ ಬೈಗುಳ. ಮಗುವಿನ ಕೈಯಲ್ಲಿ ಧಾರವಾಡದ ಚೀಟಿ ಇದೆ ಅಂತ ಗೊತ್ತಾದರೆ ಅದರ ಜಾತಕ ಮುಗಿಯಿತು. ಹಾಗಾಗಿ ಚೀಟಿ ನನ್ನಲ್ಲೇ ಇರುತ್ತದೆ, ಮಗುವಿಗೆ "ತಲೆನೋವಿಗೆ ದೊಡ್ಡ ಡಾಕ್ಟರ್" ಅಂತ ಗೆಳತಿಯರ ಮುಂದೆ ಹೇಳಿಕೊಳ್ಳಲು ಬಿಡುತ್ತೇನೆ. ಸುಳ್ಳು ಹೇಳಿಸುತ್ತೀರಿ ಅಂತ ಒಬ್ಬ ಶಿಕ್ಷಕರು ಆಕ್ಷೇಪ ತೆಗೆದಿದ್ದರು. ಹೌದು, ಹೇಳಿಸುತ್ತೇನೆ.

ಕರೆದುಕೊಂಡು ಹೋಗಲು ಪೋಷಕರು ಬೇಕು. ಪೋಷಕರು ಬೆಂಗಳೂರಿನ ಯಾವುದೋ ಕಟ್ಟಡದ ಆರನೇ ಮಹಡಿಯಲ್ಲಿರುತ್ತಾರೆ. "ನೀವ ಕರ್ಕೊಂಡು ಹೋಗ್ರಿ ಮೇಡಂ, ನಾವು ಬಂದ್ರ ವಾರದ ಪಗಾರ ಹೋಗ್ತೈತಿ." ಇದನ್ನು ಅಸಡ್ಡೆ ಅಂತ ಬರೆದುಕೊಳ್ಳುವವರಿದ್ದಾರೆ. ಆ ವಾರದ ಪಗಾರದಲ್ಲೇ ತಂಗಿಯ ಶಾಲೆ, ಅಜ್ಜಿಯ ಬಿಪಿ ಮಾತ್ರೆ, ಸಾಲದ ಕಂತು ಎಲ್ಲ ಇರುತ್ತದೆ. ವಿಡಿಯೊ ಕಾಲಿನಲ್ಲಿ ಡಾಕ್ಟರ ಜೊತೆ ಮಾತಾಡಿಸಿ, ಒಪ್ಪಿಗೆ ಪತ್ರವನ್ನು ಅಜ್ಜನಿಂದ ತರಿಸಿ, ಹೇಗೋ ಹೊಂದಿಸುತ್ತೇವೆ.

ಮಾತ್ರೆ ಶುರುವಾದ ಮೇಲೆ ನರ್ಸಿನ ನಿಜವಾದ ಕೆಲಸ. ಖಿನ್ನತೆಯ ಮಾತ್ರೆ ಗುಣ ತೋರಿಸಲು ವಾರಗಳು ಬೇಕು. ಮಕ್ಕಳಲ್ಲಿ ಆ ಮೊದಲ ವಾರಗಳಲ್ಲೇ ಚಡಪಡಿಕೆ, ಸಾಯುವ ಯೋಚನೆ ಹೆಚ್ಚಾಗುವ ಸಾಧ್ಯತೆ ಇರುತ್ತದೆ, ಆಗ ಕಣ್ಣು ಮಿಟುಕಿಸದೆ ನೋಡಬೇಕು. ಸ್ಟ್ರಿಪ್ ಮಗುವಿನ ಟ್ರಂಕಿನಲ್ಲಿ ಇರಕೂಡದು. ದಿನಾ ಬೀಗ ತೆಗೆದು, ಒಂದು ಮಾತ್ರೆ ಅಂಗೈಗೆ ಹಾಕಿ, ನೀರು ಕುಡಿಸಿ, ಬಾಯಿ ನೋಡಿ ಕಳಿಸಬೇಕು. ಅದನ್ನು ಸೋಮವಾರದ ಕಬ್ಬಿಣಾಂಶದ ಮಾತ್ರೆಯ ಸಾಲಿನಲ್ಲೇ ಸೇರಿಸಿದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಉಳಿದ ದಿನಗಳಿಗೆ ಬೇರೆ ಬೇರೆ ನೆಪ. ರಜೆ ಬಂದರೆ ನನಗೆ ಜೀವ ಹೋಗುತ್ತದೆ. ದಸರೆಗೆ ಮನೆಗೆ ಹೋದ ಮಗುವಿನ ಮಾತ್ರೆಯನ್ನು "ಈಗ ಆರಾಮ ಅದಾಳಲ್ಲ" ಅಂತ ನಿಲ್ಲಿಸಿಬಿಡುತ್ತಾರೆ. ಲೆಕ್ಕಕ್ಕೆ ಸರಿಯಾಗಿ ಕಟ್ಟಿ ಕೊಟ್ಟ 18 ಮಾತ್ರೆಯಲ್ಲಿ 16 ವಾಪಸ್ ಬಂದದ್ದಿದೆ.

ಈಚೆಗೆ ಎಲ್ಲ ಕಡೆ ಆಪ್ತಸಮಾಲೋಚನಾ ಕೊಠಡಿ ಮಾಡಬೇಕು ಅನ್ನುವ ಮಾತು ಕೇಳುತ್ತಿದೆ. 2020ರಲ್ಲಿ ಬಂದ ಆಯುಷ್ಮಾನ್ ಭಾರತ್ ಶಾಲಾ ಆರೋಗ್ಯ ಕಾರ್ಯಕ್ರಮದಲ್ಲಿ ಶಾಲೆಗೆ ಇಬ್ಬರು ಶಿಕ್ಷಕರನ್ನು ಆರೋಗ್ಯ ರಾಯಭಾರಿಗಳಾಗಿ ತಯಾರು ಮಾಡುವ ಯೋಜನೆ ಇದೆ. ಬರಲಿ, ಬೇಡ ಅನ್ನುವುದಿಲ್ಲ. ತರಬೇತಾದ ಸಮಾಲೋಚಕರು ಬಂದರೆ ನಾನೇ ಬಾಗಿಲಿಗೆ ತೋರಣ ಕಟ್ಟುತ್ತೇನೆ, ಯಾಕೆಂದರೆ ನನಗೆ ಬರುವುದು ಗುರುತಿಸುವುದು, ಜೊತೆಗಿರುವುದು, ಸರಿಯಾದ ಕಡೆ ಮುಟ್ಟಿಸುವುದು; ಚಿಕಿತ್ಸೆ ಕೊಡುವುದಲ್ಲ. ಆದರೆ ದಯವಿಟ್ಟು ಬೋರ್ಡು ಹಾಕಬೇಡಿ. ಬೋರ್ಡಿನ ಕೆಳಗೆ ಚಪ್ಪಲಿ ಬಿಡುವ ಮಗುವನ್ನು ಇಡೀ ಶಾಲೆ ನೋಡುತ್ತದೆ. ಸಿಕ್ ರೂಮಿಗೆ ಬರಲು ಒಂದು ಹೊಟ್ಟೆನೋವು ಸಾಕು, ಅದಕ್ಕೆ ಯಾರೂ ಕಾರಣ ಕೇಳುವುದಿಲ್ಲ. ಸಮಾಲೋಚಕರಿಗೆ ಅದೇ ಕೋಣೆಯಲ್ಲಿ ನನ್ನ ಪಕ್ಕ ಒಂದು ಕುರ್ಚಿ ಕೊಡಿ, ಕೊರಳಿಗೆ ಒಂದು ಸ್ಟೆತಸ್ಕೋಪ್ ಹಾಕಿ. ಉಳಿದದ್ದನ್ನು ಮಕ್ಕಳು ನೋಡಿಕೊಳ್ಳುತ್ತಾರೆ.

ಅಲ್ಲಿಯವರೆಗೆ ರಾತ್ರಿ ಹೊತ್ತು ನನಗೆ ಆಸರೆಯಾಗಿರುವುದು ಟೆಲಿ ಮನಸ್. 2022ರ ಅಕ್ಟೋಬರ್ 10ರಂದು ಶುರುವಾದ ಮಾನಸಿಕ ಆರೋಗ್ಯದ ಸಹಾಯವಾಣಿ, ಸಂಖ್ಯೆ 14416, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಇದನ್ನು ಓದುತ್ತಿರುವ ಹತ್ತನೇ ತರಗತಿಯ ಯಾರಾದರೂ ಇದ್ದರೆ ಬರೆದಿಟ್ಟುಕೊಳ್ಳಿ. ಫಲಿತಾಂಶದ ದಿನ ಮಾತ್ರವಲ್ಲ, ಯಾವ ದಿನಕ್ಕಾದರೂ. ನರ್ಸುಗಳೂ ಅದಕ್ಕೆ ಫೋನ್ ಮಾಡಬಹುದು. ನಾನು ಮಾಡಿದ್ದೇನೆ, ಮಕ್ಕಳಿಗಾಗಿಯೂ, ನನಗಾಗಿಯೂ.

ಜೂನ್‌ನಲ್ಲಿ ಆರನೇ ತರಗತಿಗೆ ಹೊಸ ಮಕ್ಕಳು ಬರುತ್ತವೆ. ದಾಖಲಾತಿಯ ದಿನ ಕಚೇರಿಯ ಮುಂದೆ ಸಾಲು, ಜಾತಿ ಪ್ರಮಾಣಪತ್ರ, ಆಧಾರ್, ಫೋಟೊ. ನಾನು ಸಿಕ್ ರೂಮಿನಲ್ಲಿ ತೂಕ-ಎತ್ತರ ಬರೆದುಕೊಳ್ಳುವ ನೆಪದಲ್ಲಿ ತಾಯಂದಿರನ್ನು ಒಬ್ಬೊಬ್ಬರಾಗಿ ಒಳಗೆ ಕರೆಯುತ್ತೇನೆ. ರಾತ್ರಿ ಹಾಸಿಗೆ ಒದ್ದೆ ಮಾಡುತ್ತದಾ, ನಿದ್ದೆಯಲ್ಲಿ ಎದ್ದು ಓಡಾಡುತ್ತದಾ, ಮುಂಚೆ ಎಲ್ಲಾದರೂ ತೋರಿಸಿದ್ದೀರಾ. ಎಲ್ಲದಕ್ಕೂ ಇಲ್ಲ, ಇಲ್ಲ, ಇಲ್ಲ. ಹೋದ ವರ್ಷ ಹೀಗೇ ಮೂರಕ್ಕೂ ಇಲ್ಲ ಅಂದು ಹೋಗಿದ್ದ ಒಬ್ಬ ತಾಯಿ, ಸಾಲು ಕರಗಿದ ಮೇಲೆ ವಾಪಸ್ ಬಂದರು. ಸೆರಗಿನ ಗಂಟು ಬಿಚ್ಚಿ ಅರ್ಧ ಖಾಲಿಯಾದ ಮಾತ್ರೆಯ ಸ್ಟ್ರಿಪ್ ಮೇಜಿನ ಮೇಲಿಟ್ಟರು.

"ಇದನ್ನ ಹೇಳಿದ್ರ ಸೀಟು ತಗದಬಿಡ್ತಾರೇನ್ರಿ ಅಕ್ಕಾರ?"

"ಇಲ್ಲವಾ. ದಿನಕ್ಕ ಎಷ್ಟು ಸಲ ಕೊಡ್ತಿ?"

ರಾತ್ರಿ ಒಂದು ಅಂದರು. ಹತ್ತು ದಿನಕ್ಕಾಗುವಷ್ಟು ಉಳಿದಿತ್ತು. ಬರುವ ಮಂಗಳವಾರದ ಪಟ್ಟಿಗೆ ಹುಡುಗನ ಹೆಸರು ಬರೆದುಕೊಂಡೆ, ಅವರ ಫೋನ್ ನಂಬರಿನ ಜೊತೆಗೆ ಪಕ್ಕದ ಮನೆಯವರ ನಂಬರನ್ನೂ ತೆಗೆದುಕೊಂಡೆ. ಗುಳೆ ಹೋದರೆ ನಂಬರ್ ಬದಲಾಗುತ್ತದೆ.